ಬೇಕೆಂದೇ ತಪ್ಪು ಒತ್ತುವ ಕಾಕಾ

ನಮ್ಮ ಕಾಕಾನಷ್ಟು ಪರೀಕ್ಷೆಗಳಲ್ಲಿ ಫೇಲಾದವರು ಇಡೀ ಶಹಾಪುರದಲ್ಲಿ ಸಿಗಲಿಕ್ಕಿಲ್ಲ. ಅದೂ ಬೇಕೆಂದೇ! ಕಿರಾಣಿ ಅಂಗಡಿಯಲ್ಲಿ ಕುಳಿತು, ಕನ್ನಡ ಓದಲು ಕಲಿಸುವ ಆ್ಯಪ್‌ಗಳನ್ನು ಒಂದಾದ ಮೇಲೊಂದರಂತೆ ಮೊಬೈಲಿಗೆ ಇಳಿಸಿಕೊಂಡು, ಕೇಳಿದ್ದಕ್ಕೆಲ್ಲ ತಪ್ಪು ಉತ್ತರ ಒತ್ತಿ, ಆಮೇಲೆ ಅವುಗಳೊಂದಿಗೆ ಜಗಳಕ್ಕೆ ನಿಲ್ಲುವುದು ಅವರ ಹೊಸ ಉದ್ಯೋಗ.

ಒಂದು ಆ್ಯಪ್ 'ಅ' ಎಲ್ಲಿದೆ ಎಂದಿತು. ಕಾಕಾ 'ಳ' ಒತ್ತಿದರು. ಪರದೆ ಕೆಂಪಾಗಿ ಟರ್‍ರೆಂದು ಕಿರುಚಿತು. ಬೆಲ್ಲ ಕೊಳ್ಳಲು ಬಂದ ಅಜ್ಜಿ ಬೆಚ್ಚಿ ಹಿಂದೆ ಸರಿದಳು. ಕಾಕಾ ಒಂದೇ ಸ್ಟಾರ್ ಕೊಟ್ಟು ಅದನ್ನು ಅಳಿಸಿದರು. ಸೊನ್ನೆ ಕೊಡುವ ಅನುಕೂಲವಿಲ್ಲವೆಂದು ಬೈದದ್ದು ಬೇರೆ.

ಇನ್ನೊಂದರಲ್ಲಿ ತಪ್ಪಿದರೆ ಗಿಳಿಯೊಂದು ಕಣ್ಣೀರು ಹಾಕುತ್ತಿತ್ತು. ನಾ ತಪ್ಪಿದರೆ ಇದರಪ್ಪನ ಗಂಟೇನು ಹೋಯಿತು ಎಂದು ಅದಕ್ಕೂ ಪೂಜೆಯಾಯಿತು. ಮೂರನೆಯದು ತಪ್ಪು ಹೆಚ್ಚಾಯಿತೆಂದು ಬಾಗಿಲು ಹಾಕಿ, ನಾಳೆ ಬನ್ನಿ ಎಂದಿತು. ಆಗ ಕಾಕಾ ಕಂಪನಿಗೇ ಫೋನ್ ಹಚ್ಚಿದರು. ಸರಿ ಉತ್ತರ ಕೊಟ್ಟರೆ ಈ ತೊಂದರೆಯೇ ಇರುವುದಿಲ್ಲವಲ್ಲ ಸರ್ ಎಂದಳು ಆ ಕಡೆಯ ಹುಡುಗಿ.

"ಸರಿ ಉತ್ತರ ಗೊತ್ತಿದ್ದವ್ರು ನಿಮ್ಮ ಸಾಲಿಗೆ ಕಲಿಯಾಕ ಯಾಕ ಬರ್ತಾರವ್ವಾ?" ಎಂದರು ಕಾಕಾ. ಹುಡುಗಿ ಫೋನ್ ಇಟ್ಟಳು.

ಇಷ್ಟು ಸಿಟ್ಟು ಯಾಕೆ ಎಂದು ನಾನೇ ಕೇಳಿದೆ. ಕಾಕಾ ಒಳಮನೆಯತ್ತ ನೋಡಿ ದನಿ ತಗ್ಗಿಸಿದರು.

"ನಿಮ್ಮ ಕಾಕಿ ಆಸೆ ಪಟ್ಟು ಕಲಿಯಾಕ ಕುಂತಿದ್ಲು. ಮೊದಲನೇ ಅಕ್ಷರಕ್ಕೇ ಟರ್ ಅಂತು. ಫೋನ್ ಬೋರಲ ಹಾಕಿ ಎದ್ದು ಹೋದ್ಲು. ಮತ್ತ ಮುಟ್ಟಿಲ್ಲ."

ಕಾಕಿ ಶಾಲೆಯ ಬಾಗಿಲು ಕಂಡವರಲ್ಲ. ಅವರ ಕೈಗೆ ಕೊಡುವ ಮೊದಲು, ತಪ್ಪಿದವರನ್ನು ಒಂದೊಂದು ಆ್ಯಪ್ ಹೇಗೆ ನಡೆಸಿಕೊಳ್ಳುತ್ತದೆಂದು ಕಾಕಾ ತಾವೇ ಬೈಸಿಕೊಂಡು ನೋಡುತ್ತಿದ್ದರು. ಕೊನೆಗೆ, ತಪ್ಪಿದರೆ ಸುಮ್ಮನೆ ಅಕ್ಷರವನ್ನು ಮತ್ತೊಮ್ಮೆ ಹೇಳಿಕೊಡುವ ಆ್ಯಪ್ ಒಂದು ಸಿಕ್ಕಿತು. ಕಾಕಿ ಮತ್ತೆ ಕುಳಿತರು.

ಮೊನ್ನೆ ಮೂವರೂ ಮದುವೆಗೆ ಹೊರಟಿದ್ದೆವು. ಬಸ್ ನಿಲ್ದಾಣದಲ್ಲಿ ಕಾಕಿ ಬಸ್ಸಿನ ಬೋರ್ಡಿಗೆ ಬೆರಳು ತೋರಿಸಿ, "ಸು... ರ..." ಎಂದು ಶುರು ಮಾಡಿದರು. 'ಪು' ನೋಡಿ 'ವು' ಎಂದರು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು. ನಾನು ಬಾಗಿಲಿಗೆ ಓಡಿದೆ. ಕಾಕಾ ಓಡಿದ್ದು ಬಸ್ಸಿನ ಮುಂದಕ್ಕೆ! ಎರಡೂ ಕೈ ಚಾಚಿ ಅಡ್ಡ ನಿಂತರು. ಡ್ರೈವರ್ ಹಾರ್ನ್ ಒತ್ತಿ ಬಾಯಿಗೆ ಬಂದಂತೆ ಬೈಯತೊಡಗಿದ. ಕಾಕಾ ಅವನತ್ತ ತಿರುಗಲೂ ಇಲ್ಲ.

"ಅವಸರ ಇಲ್ಲ," ಎಂದರು ಕಾಕಿಗೆ, ಮೆಲ್ಲಗೆ. "ಮತ್ತೊಮ್ಮೆ ನೋಡು."