ಮುಂಗಾಲು ಯಾವ ತಾಲ್ಲೂಕಿನವು?

ಕಾಲುಬಾಯಿ ರೋಗದ ಬೆನ್ನು ಹತ್ತಿ ಕೀನ್ಯಾ, ಮಂಗೋಲಿಯಾ, ಬ್ರೆಜಿಲ್ ಸುತ್ತಿ ಬಂದ ಪಶುವಿಜ್ಞಾನಿಯಾದ ನಾನು, ಬೈಲಹೊಂಗಲ ಮತ್ತು ಸವದತ್ತಿ ನಡುವಿನ ಜೋಳದ ಹೊಲವೊಂದರಲ್ಲಿ ದಾರಿ ತಪ್ಪಿ ನಿಂತಿದ್ದೆನೆಂದು ಈ ಮೂಲಕ ದಾಖಲಿಸಲಾಗಿದೆ.

"ದನದ ದವಾಖಾನಿಗೆ ಹೆಂಗ ಹೋಗಬೇಕ್ರಿ?"

ಮೇವಿನ ಹೊರೆ ಇಳಿಸುತ್ತಿದ್ದ ಗುರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೇಳ್ತೇನಿ. ನನ್ನ ಎಮ್ಮಿಗೆ ಔಷಧ ಕೊಡಸ್ತೀರೇನು? ನಾಕ ದಿನಾತು, ಮೇವು ಮುಟ್ಟಿಲ್ಲ."

"ಕೊಡಸ್ತೇನಿ."

"ಬೇವಿನ ಗಿಡದಿಂದ ಎಡಕ್ಕ ಹೋಗ್ರಿ. ದಾರಿ ಹೇಳಿದ್ದು ಸಾಲ ಐತಿ, ನೆನಪಿರ್ಲಿ."

ದವಾಖಾನೆಯಲ್ಲಿ ಎರಡೂ ತಾಲ್ಲೂಕಿನ ಪ್ರಭಾರ ಪಶು ಅಧಿಕಾರಿ ಸಂಗಪ್ಪನವರದು. ಎರಡು ಕುರ್ಚಿ, ಎರಡು ಶಿಕ್ಕಾ ಮೊಹರು. ತಾಲ್ಲೂಕುಗಳೆರಡೂ ರೋಗಮುಕ್ತವೆಂದು ನಾನು ಸಹಿ ಮಾಡುವುದೊಂದೇ ಬಾಕಿ. ಸನ್ಮಾನದ ಪೆಂಡಾಲು ಆಗಲೇ ಎದ್ದಿತ್ತು. ನಾನು ಎಮ್ಮೆಯ ಸುದ್ದಿ ಎತ್ತಿದೆ.

"ರೋಗ ಇಲ್ಲದ ತಾಲ್ಲೂಕಿನ್ಯಾಗ ರೋಗಕ್ಕ ಔಷಧ ಕೊಡಾಕ ಬರೂದಿಲ್ರಿ ಮೇಡಮ್," ಎಂದ ಅವರು, ಔಷಧದ ಪೆಟ್ಟಿಗೆಯ ಜೊತೆ ಅಳತೆ ಟೇಪನ್ನೂ ಹಿಡಿದು ನನ್ನ ಹಿಂದೆ ಬಂದರು.

ಗುರವ್ವನ ಕೊಟ್ಟಿಗೆಯಲ್ಲೇ ಎರಡೂ ತಾಲ್ಲೂಕಿನ ಗಡಿಕಲ್ಲು. ಎಮ್ಮೆಯ ಬಾಯಲ್ಲೂ ನಾಲ್ಕೂ ಕಾಲಲ್ಲೂ ಹುಣ್ಣು. ಟೇಪು ಹಿಡಿದರೆ ಗಡಿ ಸರಿಯಾಗಿ ಎಮ್ಮೆಯ ಮುಂಗಾಲುಗಳ ಮೇಲೆ ಹಾದಿತ್ತು. ಸಂಗಪ್ಪನವರ ಮುಖ ಅರಳಿತು. ನಿಂತಲ್ಲೇ ಆದೇಶ ಬರೆದರು:

"ಬೈಲಹೊಂಗಲ: ಬಾಯಿ ಹುಣ್ಣು. ಸವದತ್ತಿ: ಹಿಂಗಾಲು ಹುಣ್ಣು. ಕಾಲೂ ಬಾಯಿಯೂ ಒಂದೇ ತಾಲ್ಲೂಕಿನಲ್ಲಿ ಕಂಡುಬಾರದ ಕಾರಣ ಕಾಲುಬಾಯಿ ರೋಗ ಎಲ್ಲಿಯೂ ಇರುವುದಿಲ್ಲ. ಮುಂಗಾಲುಗಳ ಬಗ್ಗೆ ಮೇಲಧಿಕಾರಿಗಳ ಮಾರ್ಗದರ್ಶನ ಕೋರಿದೆ. ಅಲ್ಲಿಯವರೆಗೆ ಸದರಿ ಎಮ್ಮೆಯು ತಿರುಗಿ ನಿಲ್ಲತಕ್ಕದ್ದಲ್ಲ."

"ಹಗ್ಗ ಗಿಡ್ಡ ಐತ್ರಿ, ತಿರಗೂದಿಲ್ಲ," ಎಂದು ಗುರವ್ವ ಭರವಸೆ ಕೊಟ್ಟಳು.

"ವಿಜ್ಞಾನ ಇದನ್ನ ಒಪ್ಪೂದಿಲ್ರಿ," ಎಂದೆ.

"ವಿಜ್ಞಾನ ಯಾವ ತಾಲ್ಲೂಕಿಗೆ ಬರ್ತೈತ್ರಿ? ಸಹಿ ಮಾಡ್ರಿ, ಪೆಟ್ಟಿಗಿ ಬೀಗ ತೆಗೀತೇನಿ."

ಎಮ್ಮೆ ನನ್ನ ಕಡೆ ನೋಡಿ ಜೊಲ್ಲು ಸುರಿಸಿತು. ಮೂರು ಖಂಡಗಳಲ್ಲಿ ಬಗ್ಗದ ನಾನು ಎರಡು ಕಡೆ ಸಹಿ ಮಾಡಿದೆ.

ಬೈಲಹೊಂಗಲ ಶಿಕ್ಕಾದ ಮೇಲೆ ಬಾಯಿಗೆ ಔಷಧ ಬಂತು, ಸವದತ್ತಿ ಶಿಕ್ಕಾದ ಮೇಲೆ ಹಿಂಗಾಲಿಗೆ ಮುಲಾಮು. ಪೆಟ್ಟಿಗೆಗೆ ಮತ್ತೆ ಬೀಗ ಬಿತ್ತು.

"ಮುಂಗಾಲಿಗೆ?"

"ಪತ್ರ ಬರಲಿ, ಮೇಡಮ್."

ನಾನು ಗುರವ್ವನ ಒಲೆಯ ಮೇಲಿನ ಬಿಸಿನೀರಿಗೆ ಅಡಿಗೆ ಸೋಡಾ ಕಲಸಿ, ಒಂದು ಮೊಣಕಾಲು ಬೈಲಹೊಂಗಲದಲ್ಲಿ, ಇನ್ನೊಂದು ಸವದತ್ತಿಯಲ್ಲಿ ಊರಿ, ದಿಕ್ಕಿಲ್ಲದ ಎರಡೂ ಮುಂಗಾಲು ತೊಳೆದೆ. ಸನ್ಮಾನದ ಸಭೆಗೆಂದು ಹೊದ್ದು ಬಂದಿದ್ದ ನನ್ನ ಶಾಲು ಹರಿದು ಕಟ್ಟಿದೆ. ಸ್ವಲ್ಪ ಹೊತ್ತಿಗೆ ಎಮ್ಮೆ ಬೈಲಹೊಂಗಲದ ಮೇವಿಗೆ ಬಾಯಿ ಹಾಕಿತು.

"ಸಾಲ ಮುಟ್ಟಿತ್ರಿ ಅಕ್ಕಾರ," ಎಂದಳು ಗುರವ್ವ. "ಹೊಳ್ಳಿ ಹೋಗೂ ದಾರಿ ಬೇಕಂದ್ರ ಹೇಳ್ರಿ. ನನ್ನ ಆಡೂ ಕುಂಟಾಕ ಹತ್ತೈತಿ."