ಅತ್ತೆಯ ಇನ್ಸುಲಿನ್ನೂ ಪುಟ್ಟ ಫ್ರಿಜ್ಜಿನ ಗುಂಡಿಯೂ

ಅಂದು ಗುಂಡಿಯನ್ನು ಎಡಕ್ಕೆ ತಿರುಗಿಸಿದೆನೋ ಬಲಕ್ಕೋ, ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ಸಾಕ್ಷಿಯಿಲ್ಲದೆ ಏನನ್ನೂ ನಂಬದ ಚಟ. ಈಚೆಗೆ ನನ್ನ ನೆನಪನ್ನೂ ನಂಬುವುದಿಲ್ಲ. ಆದರೂ ಉಳಿದಷ್ಟು ಹೇಳುತ್ತೇನೆ.

ಧಾರವಾಡದಿಂದ ಅತ್ತೆ ಖರಾಡಿಯ ನಮ್ಮ ಫ್ಲ್ಯಾಟಿಗೆ ಬಂದರು. ಫ್ರಿಜ್ಜಿನಲ್ಲಿ ನನ್ನ ಮೊಟ್ಟೆಗಳನ್ನು ಕಂಡದ್ದೇ, ಇನ್ಸುಲಿನ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹಿಂದೆ ಸರಿದು ಮಗಳಿಗೆ ಹೇಳಿದರು. "ಮೈಲಿಗಿ ಔಷಧ ನನಗ ಬ್ಯಾಡವ್ವಾ!"

ಹೀಗಾಗಿ ಅವರ ಕೋಣೆಗೆ ಮೊಣಕಾಲೆತ್ತರದ ಪುಟ್ಟ ಫ್ರಿಜ್ ಬಂತು. ಅದರ ಸಂಪೂರ್ಣ ಉಸ್ತುವಾರಿ ನನ್ನದೆಂದು ಘೋಷಿಸಿದೆ. ಪೂಜೆಯಾಯಿತು. ಬಾಗಿಲಿಗೆ, ನೆತ್ತಿಗೆ, ಒಳಗಿನ ಗುಂಡಿಗೂ ಕುಂಕುಮ ಹಚ್ಚಲಾಯಿತು.

ಗುಂಡಿಯ ಸುತ್ತ ಒಂದರಿಂದ ಏಳರವರೆಗೆ ಅಂಕಿಗಳು. ಅಂಕಿ ಏರಿದಷ್ಟೂ ತಂಪು ಹೆಚ್ಚು. ಇನ್ಸುಲಿನ್ ತಂಪಾಗಿರಬೇಕು, ಆದರೆ ಹೆಪ್ಪುಗಟ್ಟಿದರೆ ಕೆಟ್ಟಿತು. ಇಷ್ಟೂ ನನಗೆ ಗೊತ್ತಿತ್ತು. ತಿಳಿವಳಿಕೆಗೆ ಬರವಿರಲಿಲ್ಲ! ಗುಂಡಿಯ ಅಂಚಿನ ಕೆಂಪು ಚುಕ್ಕೆಯನ್ನು ಎರಡರ ಮುಂದೆ ನಿಲ್ಲಿಸಿದೆ. ಸಂಜೆ ನೋಡಿದರೆ ಒಳಗೋಡೆಯ ಮೇಲೆ ಬೆಳ್ಳನೆಯ ಹಿಮ. ತಂಪು ಅತಿಯಾಯಿತೆಂದು ಚುಕ್ಕೆಯನ್ನು ಒಂದಕ್ಕೆ ತಂದು ನೆಮ್ಮದಿಯಿಂದ ಮಲಗಿದೆ.

ಮರುದಿನ ಭಾನುವಾರ. ಮಧ್ಯಾಹ್ನ ಅತ್ತೆ ಇಂಜೆಕ್ಷನ್ ತೆಗೆದುಕೊಂಡೇ ಊಟ ಮಾಡಬೇಕು. ಹೆಂಡತಿ ಸುಮಾ ಫ್ರಿಜ್ ತೆರೆದಳು.

"ರೀ, ಪೆಟ್ಟಿಗಿ ಬರವಲ್ದು!"

"ಜೋರ್ ಎಳಿ."

"ನೀವ ಬಂದು ಎಳೀರಿ. ಕಲ್ಲಾಗ್ಯಾದ!"

ಎಳೆದೆ. ಪೆಟ್ಟಿಗೆ, ಅದಕ್ಕಂಟಿದ ಹಿಮದ ಗಡ್ಡೆ, ಆಮೇಲೆ ಫ್ರಿಜ್ಜೇ ನನ್ನ ಮೇಲೆ ಬಂತು! ಪೆಟ್ಟಿಗೆಯಲ್ಲಿದ್ದ ಇನ್ಸುಲಿನ್ ಚುಚ್ಚುವ ಪೆನ್ನುಗಳೊಳಗಿನ ಔಷಧವೆಲ್ಲ ಗಟ್ಟಿ.

"ಅಂಗೈಯಾಗ ಹಿಡಿದು ಕರಗಸ್ತೀನಿ" ಎಂದೆ.

"ನಮ್ಮವ್ವಗ ಕೆಟ್ಟ ಔಷಧ ಚುಚ್ಚತೀರೇನು? ಮೊದಲ ಅಂಗಡಿಗೆ ನಡೀರಿ!"

"ಗಾಬರಿ ಆಗಬ್ಯಾಡ್ರಿ ಅಳಿಯಂದ್ರ" ಎಂದರು ಅತ್ತೆ. "ಬಾಯಿ ಒಣಗಲಿಕ್ಕೆ ಹತ್ತೇದ, ಅಷ್ಟ."

ಆ 'ಅಷ್ಟ'ವೇ ನನ್ನ ಎದೆಗೆ ಗುದ್ದಿತು. ಓಡಿದೆ. ಮೊದಲ ಔಷಧಿ ಅಂಗಡಿ ಮುಚ್ಚಿತ್ತು. ಎರಡನೆಯದರಲ್ಲಿ ಆ ಔಷಧವಿರಲಿಲ್ಲ. ಮೂರನೆಯವನಿಗೆ ಗಟ್ಟಿಯಾದ ಪೆನ್ನು ತೋರಿಸಿದೆ.

"ಬರ್ಫ ಝಾಲಾ? ಟಾಕೂನ ದ್ಯಾ!" ಹೆಪ್ಪುಗಟ್ಟಿತೇ, ಎಸೆಯಿರಿ ಎಂದ ಮರಾಠಿಯಲ್ಲಿ. ನಂತರ ಕೈ ಚಾಚಿದ. "ಡಾಕ್ಟರಾಂಚೀ ಚಿಠ್ಠೀ?"

ಚೀಟಿ ಮನೆಯಲ್ಲಿತ್ತು. ಫೋನ್ ಮಾಡೋಣವೆಂದು ಕಿಸೆಗೆ ಕೈ ಹಾಕಿದೆ. ಫೋನೂ ಮನೆಯಲ್ಲಿತ್ತು! ಮತ್ತೆ ಓಟ. ಲಿಫ್ಟು ನನ್ನನ್ನು ಕಂಡೇ ಮೇಲಕ್ಕೆ ಹೋಯಿತೆಂದು ನನ್ನ ಗುಮಾನಿ. ಮೆಟ್ಟಿಲು ಹತ್ತಿದೆ, ಇಳಿದೆ, ಕೊನೆಗೂ ಹೊಸ ಪೆನ್ನು ಹಿಡಿದು ಮತ್ತೆ ಹತ್ತಿದೆ. ಏದುಸಿರು ಬಿಡುತ್ತ ನೇರ ಅತ್ತೆಯ ಕೋಣೆಗೆ ನುಗ್ಗಿ, ಅಮೂಲ್ಯ ಔಷಧವನ್ನು ಜೋಪಾನವಾಗಿ ಇಟ್ಟೆ.

"ಅಯ್ಯ! ಮತ್ತ ಅದ ಫ್ರಿಜ್ಜಿನಾಗ ಇಡ್ಲಿಕತ್ತೀರಲ್ರೀ!" ಸುಮಾ ಚೀರಿ ಕಿತ್ತುಕೊಂಡಳು.

ಅತ್ತೆ ಚುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಜೋಳದ ರೊಟ್ಟಿ ಮುರಿದು ಬಾಯಿಗಿಟ್ಟರು. ಆಗ ನಾನೂ ಉಸಿರಾಡಿದೆ.

ಸುಮಾ ಒದ್ದೆ ಬಟ್ಟೆಯಿಂದ ಗುಂಡಿ ಒರೆಸಿದಳು. ಕೆಂಪು ಚುಕ್ಕೆ ಮಾಯವಾಯಿತು! ಕಂಪನಿಯವರು ಕೊರೆದ ನಿಜವಾದ ಗುರುತು ಎದುರು ಅಂಚಿನಲ್ಲಿ, ಆರರತ್ತ ಮುಖ ಮಾಡಿ ಕೂತಿತ್ತು. ನಾನು ಇಷ್ಟು ಹೊತ್ತು ನಂಬಿದ್ದು ಕುಂಕುಮವನ್ನು.

ನನ್ನೊಳಗಿನ ವಿಚಾರವಾದಿ ಭುಗಿಲೆದ್ದ. "ಯಂತ್ರಕ್ಕ ಕುಂಕುಮ! ಇದಕ್ಕ ಅಂಧಶ್ರದ್ಧಾ ಅಂತಾರ! ಗುಂಡಿಗೆ ಹಚ್ಚಿದವರು ಯಾರು?"

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

"ನೀವ ರೀ" ಎಂದಳು ಸುಮಾ.

"ಸಾಧ್ಯನ ಇಲ್ಲ. ಸಾಕ್ಷಿ ಏನದ?"

ಅವಳು ಫೋನ್ ಕೈಗೆತ್ತಿಕೊಂಡಳು. ಪೂಜೆಯ ದಿನ ತನ್ನ ಅಣ್ಣನಿಗೆ ಕಳಿಸಿದ ಫೋಟೋವನ್ನು ನನಗೂ ಕಳಿಸಿದಳು. ಅತ್ತೆ ಮಲಗಿದ ಮೇಲೆ ಬಾಲ್ಕನಿಗೆ ಹೋಗಿ, ದೊಡ್ಡದು ಮಾಡಿ, ಕನ್ನಡಕ ಒರೆಸಿ ಪರಿಶೀಲಿಸಿದೆ. ಖಚಿತವಾಯಿತು: ಕಣ್ಣು ಮುಚ್ಚಿ, ಮೊಣಕೈವರೆಗೆ ಫ್ರಿಜ್ಜಿನೊಳಗೆ ತೋಳು ತೂರಿಸಿ, ಪರಮ ಭಕ್ತಿಯಿಂದ ಗುಂಡಿಗೆ ಕುಂಕುಮ ಹಚ್ಚುತ್ತಿರುವವನು ನಾನೇ.