ಒಬ್ಬರೂ ಫೇಲಾಗದ ತರಬೇತಿ ಕೇಂದ್ರ

ಇಲೊಯಿಲೊ ನಗರದ ಗ್ಲೋರಿಯೋಸಾ ನರ್ಸಿಂಗ್ ಪರೀಕ್ಷಾ ತರಬೇತಿ ಕೇಂದ್ರದಲ್ಲಿ, ಅದು ಸ್ಥಾಪನೆಯಾದ ದಿನದಿಂದ ಇವತ್ತಿನವರೆಗೆ, ಒಬ್ಬೇ ಒಬ್ಬ ಅಭ್ಯರ್ಥಿಯೂ ಅನುತ್ತೀರ್ಣರಾಗಿಲ್ಲ. ಇದು ಜಾಹೀರಾತಲ್ಲ, ದಾಖಲೆ. ಮೂರು ಮಹಡಿಯ ಕಟ್ಟಡದ ನೆತ್ತಿಯಿಂದ ಬುಡದವರೆಗೆ ಇಳಿಬಿಟ್ಟ ಬ್ಯಾನರಿನಲ್ಲಿ ಈ ಸಂಗತಿಯನ್ನು ಕೆಂಪಕ್ಷರದಲ್ಲಿ ನಮೂದಿಸಲಾಗಿದೆ. ಆ ಬ್ಯಾನರು ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ತರಗತಿಗಳಿಗೆ ಗಾಳಿ ಬರುತ್ತಿಲ್ಲವೆಂದು ಯಾರೋ ದೂರು ಕೊಟ್ಟರು. ಆಡಳಿತ ಮಂಡಳಿ ಎರಡು ಸಭೆ ನಡೆಸಿ, ಗಾಳಿಗಿಂತ ಉತ್ತೀರ್ಣತೆ ಮುಖ್ಯವೆಂದು ತೀರ್ಮಾನಿಸಿತು.

ರಿಯಾಲಿನ್ ಮಗ್ಬನ್ವಾ ಎಂಬ ಹುಡುಗಿ ಈ ಕೇಂದ್ರದಲ್ಲಿ ಐದು ತಿಂಗಳು ಬೆವರು ಸುರಿಸಿ ಓದಿ, ಮೇ ತಿಂಗಳ ನರ್ಸಿಂಗ್ ಪರವಾನಗಿ ಪರೀಕ್ಷೆ ಬರೆದು, ಫೇಲಾದಳು.

ಬೇಕಾದದ್ದು ಎಪ್ಪತ್ತೈದು, ಬಂದದ್ದು ಎಪ್ಪತ್ತನಾಲ್ಕು ಚಿಲ್ಲರೆ. ಆ ಚಿಲ್ಲರೆಯನ್ನು ಎದೆಯ ಮೇಲಿಟ್ಟುಕೊಂಡು ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ನಾಲ್ಕನೇ ದಿನ ಅವಳ ಊರಿನ ಜಿಲ್ಲಾಸ್ಪತ್ರೆಯಿಂದ ಮುಖ್ಯ ನರ್ಸ್ ಎಸ್ಪಿನಾ ಮೇಡಂ ಫೋನ್ ಮಾಡಿದರು. ಕಾಲೇಜಿನ ದಿನಗಳಲ್ಲಿ ರಿಯಾಲಿನ್ ತರಬೇತಿ ಪಡೆದದ್ದು ಅವರ ಕೈಕೆಳಗೇ.

"ಅತ್ತು ಮುಗೀತಾ ಇಂದಾಯ್?" ಎಂದರು. ಆ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವುದು ಹಾಗೆ. "ಕೇಳಿಲ್ಲಿ. ಮಕ್ಕಳ ವಾರ್ಡಲ್ಲಿ ಒಂದು ಜಾಗ ಇದೆ. ನವೆಂಬರ್ ಪರೀಕ್ಷೆ ಪಟ್ಟಿ ಬರೋವರೆಗೂ ಹಿಡ್ಕೊಂಡಿರ್ತೀನಿ. ಅದರಲ್ಲೂ ನಿನ್ನ ಹೆಸರಿಲ್ಲ ಅಂದ್ರೆ ಮೇಯರ್ ತಂಗಿ ಮಗಳಿಗೆ ಹೋಗುತ್ತೆ. ರಕ್ತ ಕಂಡ್ರೆ ತಲೆ ತಿರುಗಿ ಬೀಳ್ತಾಳೆ ಮಹಾತಾಯಿ. ಆದ್ರೇನ್ಮಾಡೋದು, ಪಾಸಾಗಿದ್ದಾಳೆ."

ರಿಯಾಲಿನ್ ಎದ್ದು ಮುಖ ತೊಳೆದಳು. ಕೇಂದ್ರದ ರಸೀದಿಯನ್ನು ಹುಡುಕಿ ತೆಗೆದಳು. ಅದರ ಹಿಂಬದಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: 'ಅನುತ್ತೀರ್ಣರಾದಲ್ಲಿ ಮರುತರಬೇತಿ ಸಂಪೂರ್ಣ ಉಚಿತ.' ಜೀಪ್ನಿ ಎಂಬ ಬಾಡಿಗೆ ಜೀಪು ಹತ್ತಿ ನೇರವಾಗಿ ಗ್ಲೋರಿಯೋಸಾದ ಕೌಂಟರಿಗೆ ಹೋದಳು. ಅಲ್ಲಿ ಗುಮಾಸ್ತೆ ಎಡ್ನಾ ಕೂತಿದ್ದಳು. ವಿದ್ಯಾರ್ಥಿಗಳಿಗೆಲ್ಲ ಅವಳು ಮನಾಂಗ್, ಅಂದರೆ ಅಕ್ಕ.

"ಮನಾಂಗ್, ಮರುತರಬೇತಿಗೆ ಸೇರ್ಬೇಕಿತ್ತು. ಫೇಲಾದೆ."

"ಅಯ್ಯೋ ಪಾಪ. ಓದಿದ್ದು ಎಲ್ಲಿ?"

"ಎಲ್ಲಿ ಅಂದ್ರೆ? ಇಲ್ಲೇ! ದಿನಾ ನಿಮ್ಮ ಹತ್ರಾನೇ ಅಲ್ವಾ ಬಾಳೆಹಣ್ಣು ಕರಿದಿದ್ದು ತಗೊಂಡು ತಿಂತಿದ್ದಿದ್ದು?"

"ನಿನ್ನ ಮರೀತೀನಾ ಇಂದಾಯ್? ಚೆನ್ನಾಗೇ ನೆನಪಿದೆ. ಆದ್ರೆ ಇಲ್ಲಿ ಓದಿದೋರು ಫೇಲಾಗಲ್ವಲ್ಲ." ಎಡ್ನಾ ಮೇಜಿನ ಖಾನೆಯಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದು ತೋರಿಸಿದಳು. 'ಅನುತ್ತೀರ್ಣರಾದವರ ವಹಿ' ಎಂದು ಮೇಲೆ ಬರೆದಿತ್ತು. ಒಳಗೆಲ್ಲ ಖಾಲಿ. "ನೋಡು, ಹನ್ನೆರಡು ವರ್ಷದಿಂದ ಒಂದು ಗೆರೆ ಬಿದ್ದಿಲ್ಲ. ನಿನ್ನ ಹೆಸರು ಬರೆದು ಗಲೀಜು ಮಾಡೋಕೆ ನಂಗೆ ಕೈ ಬರಲ್ಲಮ್ಮ. ಮೇಲೆ ಹೋಗಿ ಡಾಕ್ಟ್ರನ್ನೇ ಕೇಳು."

ಡಾಕ್ಟರ್ ಗರ್ಗಾರಿತಾ ಕೇಂದ್ರದ ನಿರ್ದೇಶಕರು. ಯಾವ ವಿಷಯದಲ್ಲಿ ಡಾಕ್ಟರು ಎಂದು ಇದುವರೆಗೆ ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ. ಅವರು ರಿಯಾಲಿನ್‌ಳ ಅಹವಾಲನ್ನು ಕಣ್ಣು ಮುಚ್ಚಿ ಆಲಿಸಿ, ಬಳಿಕ ನಿಯಮಾವಳಿಯನ್ನು ತೆರೆದು ಓದಿದರು.

'ನಿಯಮ ಹನ್ನೊಂದು: ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಅಭ್ಯರ್ಥಿಯನ್ನು, ದಾಖಲಾದ ದಿನಾಂಕದಿಂದಲೇ ಜಾರಿಗೆ ಬರುವಂತೆ, ದಾಖಲಾಗದವರೆಂದು ಪರಿಗಣಿಸತಕ್ಕದ್ದು.'

'ನಿಯಮ ಹನ್ನೆರಡು: ಉಚಿತ ಮರುತರಬೇತಿಯ ಸೌಲಭ್ಯವು, ಕೇಂದ್ರದಲ್ಲಿ ದಾಖಲಾಗಿದ್ದು ಅನುತ್ತೀರ್ಣರಾದವರಿಗೆ ಮಾತ್ರ ಲಭ್ಯ.'

"ಹಾಗಾದ್ರೆ ಆ ಸೌಲಭ್ಯ ಯಾರಿಗೆ ಸಿಗುತ್ತೆ ಡಾಕ್ಟ್ರೇ?"

"ಇದುವರೆಗೆ ಯಾರಿಗೂ ಬೇಕಾಗಿಲ್ಲ. ಅದೇ ನಮ್ಮ ಹೆಮ್ಮೆ."

ರಿಯಾಲಿನ್‌ಗೆ ಮೈಯೆಲ್ಲ ಉರಿದುಹೋಯಿತು. "ನಾನು ಇಲ್ಲಿ ಸೇರೇ ಇಲ್ಲ ಅಂತೀರಾ? ಮತ್ತೆ ಇದೇನು?" ಎಂದು ರಸೀದಿಯನ್ನು ಮೇಜಿಗೆ ಬಡಿದಳು. "ಇದರ ಮೇಲಿರೋ ಮೊಹರು ಯಾರದ್ದು? ಅಲ್ಲಿ, ನಿಮ್ಮ ಹಿಂದೆ ನೇತುಹಾಕಿರೋ ಫೋಟೋದಲ್ಲಿ ಎರಡನೇ ಸಾಲಲ್ಲಿ ಹಲ್ಲು ಕಿರಿತಿರೋದು ಯಾರು? ನಮ್ಮಪ್ಪನ ದೋಣಿ ಮಾರಿ ಸೇರಿದ್ದೀನ್ರೀ ನಾನು!"

ಡಾಕ್ಟರು ರಸೀದಿಯನ್ನು ಬೆಳಕಿಗೆ ಹಿಡಿದರು. ಫೋಟೋವನ್ನು ಗೋಡೆಯಿಂದ ಇಳಿಸಿ, ಅವಳ ಮುಖದ ಪಕ್ಕದಲ್ಲಿಟ್ಟು ಹೋಲಿಸಿದರು. ನ್ಯಾಯವೆಂದರೆ ನ್ಯಾಯ, ಅವರು ಸಾಕ್ಷ್ಯವನ್ನು ಅಲ್ಲಗಳೆಯುವ ಮನುಷ್ಯರಲ್ಲ.

"ನೀನು ಇಲ್ಲೇ ಓದಿದ್ದೀಯ. ಅನುಮಾನವೇ ಇಲ್ಲ," ಎಂದರು.

"ಅದನ್ನೇ ನಾನು ಹೇಳ್ತಿರೋದು!"

"ಇಲ್ಲಿ ಓದಿದ್ದೀಯ ಅಂದ್ಮೇಲೆ ಪಾಸಾಗಿದ್ದೀಯ. ಅಭಿನಂದನೆಗಳು." ಎದ್ದು ನಿಂತು ಕೈ ಕುಲುಕಿದರು.

"ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ ಡಾಕ್ಟ್ರೇ..."

"ಅದು ಸರ್ಕಾರದ ಪಟ್ಟಿ. ಅದರಲ್ಲಿ ವರ್ಷಾ ವರ್ಷಾ ಜನ ಫೇಲಾಗ್ತಿರ್ತಾರೆ. ಅಂಥಾದ್ದನ್ನ ನಂಬ್ತೀಯಾ, ಹನ್ನೆರಡು ವರ್ಷದಿಂದ ಒಂದು ತಪ್ಪೂ ಇಲ್ಲದ ನಮ್ಮ ದಾಖಲೇನ ನಂಬ್ತೀಯಾ?"

ತನಗೆ ಬೇಕಾಗಿರುವುದು ಹೊಗಳಿಕೆಯಲ್ಲ, ತರಗತಿಯಲ್ಲಿ ಕೂರಲು ಒಂದು ಜಾಗ ಅಷ್ಟೇ ಎಂದು ರಿಯಾಲಿನ್ ಅಂಗಲಾಚಿದಳು. ಪಾಸಾದವರು ವಿದ್ಯಾರ್ಥಿಗಳ ಬೆಂಚಿನಲ್ಲಿ ಕೂರುವುದು ನಿಯಮಬಾಹಿರವೆಂದು ಡಾಕ್ಟರು ವಿಷಾದಿಸಿದರು. ಆದರೆ ಪಾಸಾದವರು ಬೆಂಚುಗಳ ಎದುರು ನಿಲ್ಲುವುದಕ್ಕೆ ನಿಯಮದಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಹಾಗೆ ಅದೇ ಮಧ್ಯಾಹ್ನ, ಮೇ ಪರೀಕ್ಷೆಯಲ್ಲಿ ಫೇಲಾದ ರಿಯಾಲಿನ್ ಮಗ್ಬನ್ವಾ, 'ಮೊದಲ ಯತ್ನದಲ್ಲೇ ಉತ್ತೀರ್ಣರಾಗುವುದು ಹೇಗೆ' ಎಂಬ ವಿಷಯದ ಅಧ್ಯಾಪಕಿಯಾಗಿ ನೇಮಕಗೊಂಡಳು. ಅವಳ ಗುರುತಿನ ಚೀಟಿಯಲ್ಲಿ ಪರವಾನಗಿ ಸಂಖ್ಯೆಯ ಮುಂದೆ 'ಪರಿಶೀಲನೆಯಲ್ಲಿದೆ' ಎಂದು ಅಚ್ಚು ಹಾಕಲಾಯಿತು. ಅವಳ ಕಾಲೇಜಿನ ಮೂಲ ಪ್ರಮಾಣಪತ್ರಗಳನ್ನು ಭದ್ರತೆಯ ದೃಷ್ಟಿಯಿಂದ ನಿರ್ದೇಶಕರ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು.

ಅವಳು ಒಪ್ಪಿದ್ದು ಯಾಕೆಂದರೆ ಪುಸ್ತಕಗಳು ಅಲ್ಲಿದ್ದವು. ಹೇಗೂ ಓದಬೇಕು, ಓದುತ್ತಾ ನಾಲ್ಕು ಜನಕ್ಕೆ ಹೇಳಿದರಾಯಿತು ಅಂದುಕೊಂಡಳು. ಒಳಗೊಳಗೇ ನವೆಂಬರ್ ಪರೀಕ್ಷೆಗೆ ಅರ್ಜಿ ಹಾಕಿದಳು.

ಓದುವಾಗ ಗಮನಿಸದಿದ್ದರೂ ಪಾಠ ಮಾಡಲು ನಿಂತಾಗ ಅವಳಿಗೆ ಗೊತ್ತಾದದ್ದು, ಕೇಂದ್ರದ ಕೈಪಿಡಿಯಲ್ಲಿ ಹೃದಯ ಎದೆಯ ಬಲಗಡೆಗಿದೆ ಎಂದು. ಎಂದೋ ಯಾರೋ ಜೆರಾಕ್ಸ್ ಮಾಡುವಾಗ ಹಾಳೆ ತಿರುಗಿಸಿ ಹಾಕಿದ್ದರು. ಅಂದಿನಿಂದ ಗ್ಲೋರಿಯೋಸಾದಲ್ಲಿ ಹೃದಯ ಬಲಗಡೆಯೇ ಬಡಿದುಕೊಳ್ಳುತ್ತಿತ್ತು. ಅವಳು ಡಾಕ್ಟರಿಗೆ ಹೇಳಿದಳು.

"ಬಲಗಡೆ ಹೃದಯ ಇರೋ ರೋಗಿಗಳೂ ಇರ್ತಾರಮ್ಮ," ಎಂದರು ಡಾಕ್ಟರು.

"ಲಕ್ಷಕ್ಕೊಬ್ಬರೋ ಏನೋ!"

"ಆ ಒಬ್ಬನನ್ನ ನಾವು ಕೈಬಿಡೋಕಾಗುತ್ತಾ? ತಿದ್ದುಪಡಿಗೆ ಸಮಿತಿ ರಚಿಸ್ಬೇಕು. ಸದ್ಯಕ್ಕೆ ವಿದ್ಯಾರ್ಥಿಗಳಿಗೆ ಕನ್ನಡಿ ಹಿಡಿದು ನೋಡೋಕೆ ಹೇಳು."

ಕನ್ನಡಿಯ ಸಹವಾಸ ಬೇಡವೆಂದು ರಿಯಾಲಿನ್ ಕೈಪಿಡಿಯನ್ನೇ ಮುಚ್ಚಿಟ್ಟಳು. ಮೇ ಪರೀಕ್ಷೆಯಲ್ಲಿ ತಾನು ಎಡವಿದ ಪ್ರಶ್ನೆಗಳನ್ನು ಒಂದೊಂದಾಗಿ ಬೋರ್ಡಿನ ಮೇಲೆ ಬರೆದಳು. ಅವು ಅವಳ ಹೊಟ್ಟೆಯಲ್ಲಿ ಕೂತಿದ್ದವು, ಮರೆಯುವ ಮಾತೇ ಇರಲಿಲ್ಲ. "ಇಲ್ಲಿ ನಾಲ್ಕೂ ಉತ್ತರ ಸರಿ ಅನ್ನಿಸುತ್ತೆ. ಕೈ ಮೂರನೇದಕ್ಕೆ ಹೋಗುತ್ತೆ. ಹೋಗ್ಬಾರ್ದು. ಔಷಧಿ ಕೊಡೋಕೆ ಮುಂಚೆ ರೋಗಿ ಉಸಿರಾಡ್ತಿದಾನಾ ನೋಡ್ರಪ್ಪ!" ಹುಡುಗರು ಬರೆದುಕೊಂಡರು. ಈ ಮೇಡಮ್ಮಿಗೆ ಪರೀಕ್ಷೆಯ ಒಳಹೊಕ್ಕು ಬಂದವರ ಹಾಗೆ ಎಲ್ಲ ಗೊತ್ತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅವಳ ತರಗತಿಯಲ್ಲಿ ನಿಲ್ಲಲೂ ಜಾಗವಿಲ್ಲದಂತಾಯಿತು.

ಅವಳಷ್ಟೇ ಹೆಸರಿದ್ದ ಇನ್ನೊಬ್ಬರೆಂದರೆ ಔಷಧಶಾಸ್ತ್ರದ ವೆನ್ಸಿಯೊ ಸರ್. ಬೊಕ್ಕತಲೆ, ಮೆಲುಮಾತು. ಯಾವ ಪ್ರಶ್ನೆ ಯಾವ ವರ್ಷ ಬಂದಿತ್ತು, ಎಷ್ಟನೆಯದಾಗಿ ಬಂದಿತ್ತು ಎಂಬುದು ಅವರಿಗೆ ಬಾಯಿಪಾಠ. ಎಂಥಾ ವಿದ್ವಾಂಸರಪ್ಪಾ ಎಂದು ರಿಯಾಲಿನ್ ಬೆರಗಾಗುತ್ತಿದ್ದಳು.

ಅಕ್ಟೋಬರ್ ಕೊನೆಗೆ ಸುತ್ತೋಲೆ ಬಂತು. ಪರೀಕ್ಷೆಯ ಎರಡೂ ದಿನ ಸಮಸ್ತ ಅಧ್ಯಾಪಕರೂ ಹಳದಿ ಅಂಗಿ ಧರಿಸಿ ಪರೀಕ್ಷಾ ಶಾಲೆಯ ಗೇಟಿನಲ್ಲಿ ನಿಂತು, ಅಭ್ಯರ್ಥಿಗಳಿಗೆ ನೀರಿನ ಬಾಟಲಿಯನ್ನೂ ಪಾದ್ರಿಗಳಿಂದ ಆಶೀರ್ವದಿಸಿದ ಪೆನ್ಸಿಲ್ಲನ್ನೂ ವಿತರಿಸತಕ್ಕದ್ದು. ರಿಯಾಲಿನ್ ರಜೆಗೆ ಅರ್ಜಿ ಕೊಟ್ಟಳು. ಮರುದಿನವೇ ಷರಾ ಬಂತು: 'ಸದರಿ ದಿನ ಪರೀಕ್ಷೆ ಇರುವುದರಿಂದ ರಜೆ ಮಂಜೂರು ಮಾಡಲಾಗದು. ಗೈರುಹಾಜರಾದವರ ಮೂಲ ಪ್ರಮಾಣಪತ್ರಗಳ ಬಗ್ಗೆ ಕೇಂದ್ರವು ಜವಾಬ್ದಾರಿಯಲ್ಲ.'

ಪ್ರಮಾಣಪತ್ರವಿಲ್ಲದೆ ಜಿಲ್ಲಾಸ್ಪತ್ರೆ ಅವಳನ್ನು ಬಾಗಿಲಲ್ಲೂ ನಿಲ್ಲಿಸಿಕೊಳ್ಳುವುದಿಲ್ಲ. ಪರೀಕ್ಷೆ ಬರೆಯದಿದ್ದರೆ ಪ್ರಮಾಣಪತ್ರ ಇದ್ದೂ ಉಪಯೋಗವಿಲ್ಲ.

ಪರೀಕ್ಷೆಯ ಬೆಳಿಗ್ಗೆ ಆರಕ್ಕೆ ಅವಳು ಹಳದಿ ಅಂಗಿ ತೊಟ್ಟು ಗೇಟಿನಲ್ಲಿ ನಿಂತಿದ್ದಳು. ಪ್ರವೇಶಪತ್ರ ಪ್ಯಾಂಟಿನ ಜೇಬಿನಲ್ಲಿ ಬೆವರಿಗೆ ಒದ್ದೆಯಾಗುತ್ತಿತ್ತು. ಮುನ್ನೂರು ವಿದ್ಯಾರ್ಥಿಗಳು, ಅವರ ಹಿಂದೆ ಅಪ್ಪ ಅಮ್ಮ, ಅಜ್ಜಿ, ಜಪಮಾಲೆ. ಡಾಕ್ಟರು ಕುರ್ಚಿಯ ಮೇಲೆ ನಿಂತು ಮೆಗಾಫೋನಿನಲ್ಲಿ ಹುರಿದುಂಬಿಸುತ್ತಿದ್ದರು. ಆರೂವರೆಗೆ ಗೇಟು ಮುಚ್ಚುತ್ತದೆ. ಆರೂ ಇಪ್ಪತ್ತಾಯಿತು. ಈಗ ಒಳಗೆ ಹೋದರೆ ಈ ಹುಡುಗರ ಎದುರಿಗೇ ಮಾನ ಹೋಗುತ್ತದೆ. ಹೋಗದಿದ್ದರೆ ಮಕ್ಕಳ ವಾರ್ಡು ಹೋಗುತ್ತದೆ. ಎದೆ ಡವಡವ ಅನ್ನುತ್ತಿತ್ತು, ಎಡಗಡೆಯೇ.

"ಹಾಳಾಗಿ ಹೋಗ್ಲಿ," ಎಂದು ನೀರಿನ ಬಾಟಲಿಯ ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿ, ರಿಯಾಲಿನ್ ಗೇಟಿನೊಳಗೆ ಕಾಲಿಟ್ಟಳು.

"ಮಗ್ಬನ್ವಾ! ಎಲ್ಲಿಗೆ ಹೊರಟೆ?" ಮೆಗಾಫೋನು ಕಿರುಚಿತು. ಅದನ್ನು ಆರಿಸಲು ಡಾಕ್ಟರು ಮರೆತಿದ್ದರು. ಜನವೆಲ್ಲ ತಿರುಗಿ ನೋಡಿತು.

ಅವಳು ತಿರುಗಲಿಲ್ಲ. ಆದರೆ ಹಿಂದೆ ಹೆಜ್ಜೆ ಸದ್ದು ಕೇಳಿತು. ಹಿಡಿದು ಎಳೆಯುತ್ತಾರೇನೋ ಎಂದು ಓರೆಗಣ್ಣಿನಲ್ಲಿ ನೋಡಿದರೆ, ವೆನ್ಸಿಯೊ ಸರ್! ಕೈಯಲ್ಲಿ ಪ್ರವೇಶಪತ್ರ.

"ಸರ್... ನೀವೂನಾ?"

"ನಂದು ನಾಲ್ಕನೇ ಸಲ. ಮೆತ್ತಗೆ ಮಾತಾಡಮ್ಮ," ಎಂದರು ವೆನ್ಸಿಯೊ. "ಹಿಂದೆ ಹೆರಿಗೆ ವಿಭಾಗದೋರು ಬರ್ತಿದಾರೆ. ತಾವೊಬ್ಬರೇ ಅಂದ್ಕೊಂಡಿದಾರೆ ಅವರು."

ಹೆರಿಗೆ ವಿಭಾಗದ ಹಿಂದೆ ಮನೋರೋಗ ವಿಭಾಗ ಬಂತು. ಅದರ ಹಿಂದೆ ಶಸ್ತ್ರಚಿಕಿತ್ಸೆ. ಒಬ್ಬರ ಮುಖ ಒಬ್ಬರು ನೋಡದೆ, ಹಳದಿ ಅಂಗಿಗಳ ಸಾಲು ಗೇಟು ದಾಟಿತು. ಹನ್ನೊಂದು ಅಧ್ಯಾಪಕರಲ್ಲಿ ಎಂಟು ಮಂದಿ. ಹೊರಗೆ ಉಳಿದ ಮೂವರಲ್ಲಿ ಒಬ್ಬರು ನಿಜವಾದ ನಿವೃತ್ತ ನರ್ಸು. ಇನ್ನಿಬ್ಬರ ಪರೀಕ್ಷಾ ಅರ್ಜಿ ತಡವಾಗಿ ತಲುಪಿ ತಿರಸ್ಕೃತವಾಗಿತ್ತು.

ಜನ ಗುಸುಗುಸು ಶುರುಮಾಡಿದರು. ಡಾಕ್ಟರ್ ಗರ್ಗಾರಿತಾ ಕುರ್ಚಿಯ ಮೇಲೆ ನೆಟ್ಟಗಾದರು. ಆಮೇಲೆ ಮೆಗಾಫೋನು ಎತ್ತಿದರು. "ಪೋಷಕರ ಗಮನಕ್ಕೆ! ನಿಮ್ಮ ಮಕ್ಕಳ ಧೈರ್ಯ ಕುಂದಬಾರದು ಎಂಬ ಒಂದೇ ಉದ್ದೇಶದಿಂದ ನಮ್ಮ ಅಧ್ಯಾಪಕರು ಪರೀಕ್ಷಾ ಕೊಠಡಿಯೊಳಗೂ ಅವರ ಜೊತೆಗಿರುತ್ತಾರೆ! ಬೇರೆ ಯಾವ ಕೇಂದ್ರದಲ್ಲಿದೆ ಈ ಸೌಲಭ್ಯ?"

ಪೋಷಕರು ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಳು.

ಪಟ್ಟಿ ಬಂದ ದಿನ ರಿಯಾಲಿನ್ ತನ್ನ ಹೆಸರನ್ನು ಆರು ಸಲ ಓದಿದಳು. ಏಳನೇ ಸಲ ಅಕ್ಷರ ಕಾಣಲಿಲ್ಲ, ಅಷ್ಟು ಅತ್ತಿದ್ದಳು. ಎಂಟು ಅಧ್ಯಾಪಕರಲ್ಲಿ ಐವರು ಪಾಸಾಗಿದ್ದರು, ವೆನ್ಸಿಯೊ ಸರ್ ಅವರಲ್ಲಿರಲಿಲ್ಲ. ಡಾಕ್ಟರು ತಾವೇ ಬೀರು ತೆರೆದು ಪ್ರಮಾಣಪತ್ರಗಳನ್ನು ಅವಳ ಕೈಗಿತ್ತರು. "ಎರಡನೇ ಸಲ ಪಾಸಾಗಿದ್ದೀಯ. ದೇಶದಲ್ಲೇ ಅಪರೂಪ," ಎಂದರು. ಅವಳಿಗೆ ಜಗಳವಾಡುವ ಮನಸ್ಸಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಪಾಸಾದ ಐವರೂ ಕೆಲಸ ಹಿಡಿದು ಹೋದದ್ದರಿಂದ, ಮುಂದಿನ ಅವಧಿಗೆ ಆ ನಿವೃತ್ತ ನರ್ಸೊಬ್ಬರನ್ನು ಬಿಟ್ಟರೆ ಫೇಲಾದವರು ಮಾತ್ರ ಅಧ್ಯಾಪಕರಾಗಿ ಉಳಿದರು. ಹೊಸ ಬ್ಯಾನರು ಬಂತು: 'ಸತತ ನಾಲ್ಕು ಪರೀಕ್ಷೆಗಳ ನೇರ ಅನುಭವವುಳ್ಳ ಬೋಧಕ ವೃಂದ.' ಸೇರಲು ಬಂದವರ ಸಾಲು ಬೀದಿಯ ತಿರುವಿನವರೆಗೆ ಬೆಳೆಯಿತು.

ಜಿಲ್ಲಾಸ್ಪತ್ರೆಯಲ್ಲಿ ರಿಯಾಲಿನ್ ಬಿಳಿ ಸಮವಸ್ತ್ರ ತೊಟ್ಟ ಮೊದಲ ವಾರವೇ ಎಸ್ಪಿನಾ ಮೇಡಂ ಅವಳನ್ನು ಪಕ್ಕಕ್ಕೆ ಕರೆದರು. ಗಟ್ಟಿಗಿತ್ತಿ ಹೆಂಗಸು, ಅವತ್ತು ಮುಖ ಬಾಡಿತ್ತು.

"ನನ್ನ ಮಗ ಈ ಸಲ ಫೇಲಾಗ್ಬಿಟ್ಟ ಕಣೇ. ಮನೆಯಿಂದ ಆಚೆ ಬರ್ತಿಲ್ಲ. ಆ ಗ್ಲೋರಿಯೋಸಾಗೆ ಸೇರಿಸ್ಲಾ? ನೀನು ಅಲ್ಲೇ ಇದ್ದೋಳು, ನಿಜ ಹೇಳು."

ರಿಯಾಲಿನ್ ಬಾಯಿ ತೆರೆದಳು. ಖಾಲಿ ವಹಿ, ನಿಯಮ ಹನ್ನೊಂದು, ಬಲಗಡೆಯ ಹೃದಯ, ಎಲ್ಲವೂ ನಾಲಿಗೆಯ ತುದಿಗೆ ಬಂತು.

"ಸೇರ್ಸಿ ಮೇಡಂ," ಎಂದಳು. "ವೆನ್ಸಿಯೊ ಸರ್ ತರಗತಿಗೆ ತಪ್ಪದೆ ಹೋಗೋಕೆ ಹೇಳಿ. ನಾಲ್ಕು ಸಲ ಫೇಲಾಗಿದ್ದಾರೆ. ಆ ಪರೀಕ್ಷೇನ ಅವರಷ್ಟು ಬಲ್ಲೋರು ಈ ದ್ವೀಪದಲ್ಲೇ ಯಾರೂ ಇಲ್ಲ."

ಮೇಡಂ ಪೆನ್ನು ತೆಗೆದು ಅಂಗೈ ಮೇಲೆ ಹೆಸರು ಬರೆದುಕೊಂಡರು. "ಅಲ್ಲಿ ಓದಿದೋರು ಒಬ್ರೂ ಫೇಲಾಗಲ್ಲ ಅಂತಾರಲ್ಲ, ಹೌದೇನೇ?"

"ಹೌದು ಮೇಡಂ," ಎಂದಳು ರಿಯಾಲಿನ್. "ನಾನು ಓದ್ತಿದ್ದಾಗಂತೂ ಯಾರೂ ಫೇಲಾಗಿಲ್ಲ."